ಚಿಟಿಕೆಯಷ್ಟು ಅಂಗಾಂಶದಿಂದ ಪೂರ್ಣ ಉದ್ದದ ಸಿಡಿಎನ್‌ಎ ಲೈಬ್ರರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಸ್ನಾತಕೋತ್ತರ ವಿದ್ಯಾರ್ಥಿಗಳು, ಸಂಶೋಧಕರು ಮತ್ತು ಉಪನ್ಯಾಸಕರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳಲ್ಲಿ ರೇಷ್ಮೆ ಹುಳುವೇ ಹೆಚ್ಚಾಗಿದ್ದರೆ ಅದಕ್ಕೆ ಕಾರಣವಿದೆ: ಕೇಳುವವರಲ್ಲಿ ಬಹುಪಾಲು ಮಂದಿ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಳು ಮನೆಗಳಿಂದಲೇ ಮಾದರಿ ತರುವವರು.

## ಮೊದಲ ಹೆಜ್ಜೆಯವರು ಕೇಳುವುದು

ಲೈಬ್ರರಿ ಅಂತೀರಲ್ಲ, ಆ ಟ್ಯೂಬಿನೊಳಗೆ ನಿಜವಾಗಿ ಏನಿರುತ್ತೆ?

ಒಂದು ಅಂಗಾಂಶದ ಜೀವಕೋಶಗಳು ಆ ಹೊತ್ತಿನಲ್ಲಿ ಬಳಸುತ್ತಿದ್ದ ಜೀನ್‌ಗಳ ಎಂಆರ್‌ಎನ್‌ಎಗಳನ್ನು (ಪ್ರೋಟೀನು ತಯಾರಿಗೆ ಜೀನು ಕಳಿಸುವ ಆರ್‌ಎನ್‌ಎ ಸಂದೇಶಗಳನ್ನು) ಡಿಎನ್‌ಎ ರೂಪಕ್ಕೆ ನಕಲಿಸಿ, ಒಂದೊಂದು ನಕಲನ್ನೂ ಒಂದೊಂದು ಪ್ಲಾಸ್ಮಿಡ್ ಅಥವಾ ಫೇಜ್ ವಾಹಕಕ್ಕೆ ಸೇರಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿಟ್ಟ ಲಕ್ಷಾಂತರ ಕ್ಲೋನ್‌ಗಳ ಸಮೂಹವೇ ಸಿಡಿಎನ್‌ಎ ಲೈಬ್ರರಿ. ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದರು. ಈ ಕೆಲಸವೆಲ್ಲ ನಿಂತಿರುವುದು ಅದರ ಮೇಲೆ. ಕೋಶದ ಇಡೀ ಡಿಎನ್‌ಎಯಿಂದ ಮಾಡುವ ಜೀನೋಮಿಕ್ ಲೈಬ್ರರಿ ಹುಳುವಿನ ಯಾವ ಅಂಗದಿಂದ ಮಾಡಿದರೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಆದರೆ ಸಿಡಿಎನ್‌ಎ ಲೈಬ್ರರಿ ಹಾಗಲ್ಲ. ರೇಷ್ಮೆ ಗ್ರಂಥಿಯ ಲೈಬ್ರರಿಗೂ ಮಿದುಳಿನ ಲೈಬ್ರರಿಗೂ ಅಜಗಜಾಂತರ.

ಪೂರ್ಣ ಉದ್ದ ಅಂದ್ರೆ ಜೀನಿನ ಉದ್ದವೇ?

ಅಲ್ಲ. ಜೀನಿನಲ್ಲಿ ಇಂಟ್ರಾನ್‌ಗಳೆಂಬ ನಡುವಿನ ತುಂಡುಗಳೂ ಇರುತ್ತವೆ, ಎಂಆರ್‌ಎನ್‌ಎ ಸಿದ್ಧವಾಗುವಾಗ ಅವು ಕತ್ತರಿಸಿ ಹೋಗಿರುತ್ತವೆ. ಇಲ್ಲಿ ಪೂರ್ಣ ಉದ್ದವೆಂದರೆ ಎಂಆರ್‌ಎನ್‌ಎಯ 5 ಪ್ರೈಮ್ ತುದಿಯಲ್ಲಿರುವ ಕ್ಯಾಪ್‌ನಿಂದ ಹಿಡಿದು 3 ಪ್ರೈಮ್ ತುದಿಯ ಪಾಲಿ ಎ ಬಾಲದವರೆಗಿನ (ಅಡೆನಿನ್‌ಗಳ ಸಾಲಿನವರೆಗಿನ) ಅಷ್ಟೂ ಭಾಗ. ಪ್ರೋಟೀನು ತಯಾರಿಸುವ ಭಾಗವಷ್ಟೇ ಪೂರ್ತಿಯಾಗಿದ್ದರೆ ಸಾಕೆಂದು ಕೆಲವರು ಸಡಿಲವಾಗಿ ಎಣಿಸುತ್ತಾರೆ. ಪ್ರೋಟೀನು ಉತ್ಪಾದಿಸುವುದೊಂದೇ ಗುರಿಯಾದರೆ ಅದು ಸಾಕು, ಆದರೆ ಜೀನು ಎಲ್ಲಿಂದ ಶುರುವಾಗುತ್ತದೆಂದು ತಿಳಿಯಬೇಕಾದರೆ ಸಾಲದು. ಪ್ರಬಂಧದಲ್ಲಿ ಯಾವ ಅರ್ಥದಲ್ಲಿ ಬಳಸಿದ್ದೀರೆಂದು ಒಂದು ಸಾಲು ಬರೆದುಬಿಡುವುದು ಒಳ್ಳೆಯದು.

ಕಿಣ್ವ ಬಾಲದಿಂದ ಹೊರಟು ಕ್ಯಾಪ್‌ವರೆಗೆ ಹೋಗೋದು ಅಷ್ಟು ಕಷ್ಟವೇ?

ಕಷ್ಟವೇ. ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಂಡಾದ ಆಲಿಗೋ ಡಿಟಿ ಪ್ರೈಮರ್ ಪಾಲಿ ಎ ಬಾಲಕ್ಕೆ ಅಂಟಿಕೊಂಡ ಮೇಲೆ ಕಿಣ್ವ ಅಲ್ಲಿಂದ ಹೊರಟು ಸಾವಿರಾರು ಬೇಸ್‌ಗಳನ್ನು (ಎಳೆಯ ಒಂದೊಂದು ಅಕ್ಷರವನ್ನು) ದಾಟಬೇಕು. ದಾರಿಯಲ್ಲಿ ಆರ್‌ಎನ್‌ಎ ತನ್ನಷ್ಟಕ್ಕೆ ಮಡಚಿಕೊಂಡು ಬಿಗಿಯಾಗಿದ್ದರೆ ಕಿಣ್ವ ಅಲ್ಲೇ ಕಳಚಿಕೊಳ್ಳುತ್ತದೆ, ಆರ್‌ಎನ್‌ಎ ತುಂಡಾಗಿದ್ದರೆ ಮುಂದೆ ಹೋಗಲು ದಾರಿಯೇ ಇರುವುದಿಲ್ಲ. ಎಳೆ ನಡುವೆ ಹರಿದ ಗೂಡಿನಿಂದ ಎಷ್ಟು ನುರಿತ ರೀಲರ್ ಆದರೂ ಉದ್ದನೆಯ ನೂಲು ತೆಗೆಯಲಾರರು ಎಂಬುದು ಶಿಡ್ಲಘಟ್ಟದಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಹಳೆಯ ಲೈಬ್ರರಿಗಳಲ್ಲಿ 3 ಪ್ರೈಮ್ ತುದಿಯ ತುಂಡುಗಳೇ ತುಂಬಿರಲು ಒಂದು ಕಾರಣ ಇದು. ಇನ್ನೊಂದು ಕಾರಣ, 1983ರಲ್ಲಿ ಗೂಬ್ಲರ್ ಮತ್ತು ಹಾಫ್‌ಮನ್ ರೂಪಿಸಿದ, ಬಹುಕಾಲ ಎಲ್ಲರೂ ಅನುಸರಿಸಿದ ಎರಡನೇ ಎಳೆಯ (ಮೊದಲ ನಕಲಿಗೆ ಜೋಡಿ ಎಳೆ ಕಟ್ಟುವ) ವಿಧಾನದಲ್ಲಿ 5 ಪ್ರೈಮ್ ತುದಿಯ ಕೆಲವು ಬೇಸ್‌ಗಳು ಸಹಜವಾಗಿಯೇ ಕಳೆದುಹೋಗುತ್ತಿದ್ದವು.

ಈಗ ಎಲ್ಲರೂ ನೇರ ಸೀಕ್ವೆನ್ಸಿಂಗ್‌ಗೆ ಕಳಿಸ್ತಾರೆ, ನಾವ್ಯಾಕೆ ಇನ್ನೂ ಕ್ಲೋನ್ ಮಾಡ್ಬೇಕು?

ಅನುಕ್ರಮ ಮಾತ್ರ ಬೇಕಿದ್ದರೆ ಮಾಡಬೇಕಿಲ್ಲ. ಆದರೆ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲೋ ಯೀಸ್ಟ್‌ನಲ್ಲೋ ತಯಾರಿಸಿ ನೋಡಬೇಕಾದರೆ ಕೈಯಲ್ಲಿ ಕ್ಲೋನ್ ಬೇಕು. ಅಲ್ಲದೆ, ಪ್ಯಾಕ್‌ಬಯೋ ಅಥವಾ ನ್ಯಾನೋಪೋರ್ ಯಂತ್ರಕ್ಕೆ ಉದ್ದನೆಯ ಓದಿಗಾಗಿ ಕೊಡುವ ಸಿಡಿಎನ್‌ಎಯನ್ನೂ ಸಾಮಾನ್ಯವಾಗಿ ಇದೇ ಮೊದಲ ಹಂತಗಳಿಂದ ತಯಾರಿಸುತ್ತಾರೆ. ಅಲ್ಲಿ ಎಡವಿದರೆ ಯಂತ್ರ ಎಷ್ಟೇ ದುಬಾರಿಯದಾದರೂ ಓದುವುದು ತುಂಡುಗಳನ್ನೇ.

ಎಷ್ಟು ಕಡಿಮೆ ಅಂಗಾಂಶ ಇದ್ರೆ "ಸಣ್ಣ ಮಾದರಿ" ಅಂತೀರಿ?

ತೂಕಕ್ಕಿಂತ ಅಣುಗಳ ಲೆಕ್ಕ ಹಾಕುವುದು ಲೇಸು. ಒಂದು ಸಾಮಾನ್ಯ ಪ್ರಾಣಿ ಕೋಶದಲ್ಲಿ ಒಟ್ಟು ಆರ್‌ಎನ್‌ಎ ಸುಮಾರು 10ರಿಂದ 30 ಪಿಕೋಗ್ರಾಂ; ಅದರಲ್ಲಿ ಎಂಆರ್‌ಎನ್‌ಎ ಪಾಲು 1ರಿಂದ 5 ಶೇಕಡಾ ಮಾತ್ರ, ಉಳಿದದ್ದರಲ್ಲಿ ಬಹುಪಾಲು ರೈಬೋಸೋಮಿನ ಆರ್‌ಎನ್‌ಎ. ರೇಷ್ಮೆ ಹುಳುವಿನ ಮಿದುಳಿನ ಹಿಂದೆ ಕಾರ್ಪೋರಾ ಅಲ್ಲಾಟಾ ಎಂಬ ಪುಟ್ಟ ಗ್ರಂಥಿಯಿದೆ, ಬಾಲ್ಯ ಹಾರ್ಮೋನು ಹುಟ್ಟುವುದು ಅಲ್ಲಿ. ಅಂಥದ್ದೊಂದು ಸಣ್ಣ ಅಂಗದ ಸುಮಾರು 500 ಕೋಶಗಳಿಂದ 10 ನ್ಯಾನೋಗ್ರಾಂ ಒಟ್ಟು ಆರ್‌ಎನ್‌ಎ ಸಿಕ್ಕಿತೆಂದುಕೊಳ್ಳೋಣ. ಎಂಆರ್‌ಎನ್‌ಎ ಶೇಕಡಾ 3 ಎಂದೂ ಸರಾಸರಿ ಉದ್ದ 2,000 ಬೇಸ್ ಎಂದೂ ಹಿಡಿದರೆ, ಟ್ಯೂಬಿನಲ್ಲಿ ಸುಮಾರು 26 ಕೋಟಿ ಎಂಆರ್‌ಎನ್‌ಎ ಅಣುಗಳಿರುತ್ತವೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಕೋಶವೊಂದರಲ್ಲಿ ಐದೇ ಪ್ರತಿಗಳಿರುವ ವಿರಳ ಜೀನಿನ ಲೆಕ್ಕಕ್ಕೆ ಬಂದರೆ ಅದು 2,500 ಅಣುಗಳಿಗೆ ಇಳಿಯುತ್ತದೆ. ಅವುಗಳಲ್ಲಿ ಹತ್ತರಲ್ಲೊಂದು ಮಾತ್ರ ಕ್ಯಾಪ್‌ವರೆಗೆ ನಕಲಾದರೆ 250. ಮೊದಲ ಎಳೆಯ (ಆರ್‌ಎನ್‌ಎಯಿಂದ ಕಿಣ್ವ ಮಾಡಿದ ಮೊದಲ ನಕಲಿನ) ಮಿಶ್ರಣದ ಐದನೇ ಒಂದು ಭಾಗವನ್ನಷ್ಟೇ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಹಾಕಿ ಉಳಿದದ್ದನ್ನು ಫ್ರೀಜರಿನಲ್ಲಿಟ್ಟರೆ 50. ಇನ್ನು ಆರ್‌ಎನ್‌ಎ ತೆಗೆಯುವಾಗಲೇ ಅರ್ಧ ಟ್ಯೂಬಿನ ಗೋಡೆಗೆ ಅಂಟಿ ಹೋಗಿದ್ದರೆ 25. ಪಿಸಿಆರ್ ಇದ್ದದ್ದನ್ನು ಹೆಚ್ಚಿಸುತ್ತದೆ, ಕಳೆದುಹೋದದ್ದನ್ನು ತಂದುಕೊಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ 50 ನ್ಯಾನೋಗ್ರಾಂಗಿಂತ ಕಡಿಮೆ ಆರ್‌ಎನ್‌ಎ ಇದ್ದಾಗ ಮೊದಲ ಎಳೆಯನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು, ಅಷ್ಟನ್ನೂ ಹಲವು ಪಿಸಿಆರ್ ಟ್ಯೂಬುಗಳಿಗೆ ಹಂಚಿಬಿಡಬೇಕು.

## ಮಾದರಿ ಮತ್ತು ಆರ್‌ಎನ್‌ಎ

ಹುಳು ಮನೇಲಿ ದ್ರವ ಸಾರಜನಕ ಎಲ್ಲಿಂದ ತರೋಣ ಸಾರ್?

ತರಬೇಕಿಲ್ಲ. ಆರ್‌ಎನ್‌ಎ ಲೇಟರ್ ಎಂಬ, ಅಮೋನಿಯಂ ಸಲ್ಫೇಟ್ ಗಾಢವಾಗಿರುವ ದ್ರಾವಣದಲ್ಲಿ ಅಂಗಾಂಶವನ್ನು ಮುಳುಗಿಸಿಟ್ಟರೆ 25 ಡಿಗ್ರಿಯಲ್ಲಿ ಸುಮಾರು ಒಂದು ವಾರ, 4 ಡಿಗ್ರಿಯಲ್ಲಿ ಒಂದು ತಿಂಗಳು ಆರ್‌ಎನ್‌ಎ ಕೆಡದೆ ಉಳಿಯುತ್ತದೆ. 37 ಡಿಗ್ರಿಯಲ್ಲಾದರೆ ಒಂದೇ ದಿನ, ಆದ್ದರಿಂದ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನಲ್ಲಿ ತರುವವರು ಐಸ್ ಡಬ್ಬಿ ಇಟ್ಟುಕೊಳ್ಳಬೇಕು. ದ್ರಾವಣ ಅಂಗಾಂಶದ ಐದು ಪಟ್ಟಾದರೂ ಇರಲಿ, ತುಂಡು ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರದಿರಲಿ. ಇಡೀ ಹುಳುವನ್ನು ಹಾಗೇ ಮುಳುಗಿಸಿದರೆ ಪ್ರಯೋಜನವಿಲ್ಲ, ಹೊರಚರ್ಮ ದ್ರಾವಣವನ್ನು ಬೇಗ ಒಳಗೆ ಬಿಡುವುದಿಲ್ಲ. ಹುಳುವನ್ನು ತಣ್ಣಗಿನ ಬಫರಿನಲ್ಲಿ ಬಗೆದು, ಬೇಕಾದ ಅಂಗವನ್ನು ಬಿಡಿಸಿ, ತಕ್ಷಣ ಹಾಕಬೇಕು. ಹಿಪ್ಪುನೇರಳೆ ಎಲೆಯ ಮೇಣದ ಹೊದಿಕೆಯೂ ಹಾಗೆಯೇ ತಡೆಯುತ್ತದೆ, ಎಲೆಯನ್ನು ಸಣ್ಣಗೆ ಸೀಳಿ ಹಾಕಿ. ಹುಳು ಯಾವ ಹಂತದ್ದು, ಜ್ವರಕ್ಕೆ (ಪೊರೆ ಬಿಡಲು) ಕೂತಿತ್ತೇ, ಎದ್ದಿತ್ತೇ, ಸೊಪ್ಪು ತಿಂದು ಎಷ್ಟು ಹೊತ್ತಾಗಿತ್ತು ಎಂಬುದನ್ನು ಟ್ಯೂಬಿನ ಮೇಲೆ ಅಲ್ಲೇ ಬರೆಯಿರಿ. ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಹುಳುವಿನ ಲೈಬ್ರರಿಯೂ ಮೂರು ದಿನ ಮುಂಚಿನ ಹುಳುವಿನದೂ ಒಂದೇ ಅಲ್ಲ. ಇನ್ನೊಂದು ಮಾತು: ಮನೆ ಶುದ್ಧಿಗೆ ಫಾರ್ಮಲಿನ್ ಹೊಡೆದ ಜಾಗದಲ್ಲಿ ಚಿಮುಟ, ಕತ್ತರಿ ಇಟ್ಟುಕೊಂಡು ಕೂರಬೇಡಿ.

ಎಲ್ಲಾ ಆಟೋಕ್ಲೇವ್ ಮಾಡಿದ್ದೀನಿ, ಆದ್ರೂ ಆರ್‌ಎನ್‌ಎ ಕೆಡುತ್ತೆ. ಯಾಕೆ?

ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಎ ಕಿಣ್ವ ಕುದಿಸಿದರೂ ಆರಿದ ಮೇಲೆ ಮತ್ತೆ ಸರಿಯಾಗಿ ಮಡಚಿಕೊಂಡು ಕೆಲಸಕ್ಕೆ ನಿಲ್ಲುತ್ತದೆ. ಆಟೋಕ್ಲೇವ್ ಒಂದನ್ನೇ ನಂಬುವಂತಿಲ್ಲ. ನೀರಿಗೆ ಆ ಕಿಣ್ವವನ್ನು ಕೆಡಿಸುವ ಡಿಇಪಿಸಿ ರಾಸಾಯನಿಕವನ್ನು ಶೇಕಡಾ 0.1ರಷ್ಟು ಹಾಕಿ ರಾತ್ರಿಯಿಡೀ ಬಿಟ್ಟು ಆಮೇಲೆ ಆಟೋಕ್ಲೇವ್ ಮಾಡಬೇಕು. ಟ್ರಿಸ್ ಬಫರಿಗೆ ಡಿಇಪಿಸಿ ನೇರವಾಗಿ ಹಾಕಬಾರದು, ಎರಡೂ ತಮ್ಮಲ್ಲೇ ಪ್ರತಿಕ್ರಿಯಿಸಿ ಹಾಳಾಗುತ್ತವೆ. ಶುದ್ಧಗೊಳಿಸಿದ ನೀರಿನಲ್ಲಿ ಹೊಸ ಟ್ರಿಸ್ ಕರಗಿಸಿ. ಗಾಜಿನ ಪಾತ್ರೆಗಳನ್ನು ಒಣ ಓವನ್ನಿನಲ್ಲಿ 180 ಡಿಗ್ರಿಗೂ ಮೇಲೆ ಕೆಲವು ಗಂಟೆ ಸುಡಬೇಕು. ಆದರೆ ಬಹಳಷ್ಟು ಸಲ ತಪ್ಪಿತಸ್ಥರು ನೀರೂ ಅಲ್ಲ, ಗಾಜೂ ಅಲ್ಲ, ಕೈಗವಸು ಹಾಕಿಕೊಂಡು ಮೊಬೈಲು ಮುಟ್ಟಿದ ಬೆರಳುಗಳು.

ರೇಷ್ಮೆ ಹುಳುವಿನ ಆರ್‌ಎನ್‌ಎಯಲ್ಲಿ 28ಎಸ್ ಬ್ಯಾಂಡೇ ಕಾಣ್ತಿಲ್ಲ. ಪೂರ್ತಿ ಕೆಟ್ಟೋಯ್ತಾ?

ಕೆಟ್ಟಿರಬೇಕೆಂದೇನಿಲ್ಲ. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಒಳ್ಳೆಯ ಮಾದರಿಗಳನ್ನು ಎಸೆದವರಿದ್ದಾರೆ. 28ಎಸ್, 18ಎಸ್ ಎಂಬವು ರೈಬೋಸೋಮಿನ ಎರಡು ಆರ್‌ಎನ್‌ಎಗಳು. ಸಸ್ತನಿಗಳಲ್ಲಿ 28ಎಸ್ ಬ್ಯಾಂಡು 18ಎಸ್ ಬ್ಯಾಂಡಿನ ಎರಡರಷ್ಟು ಗಾಢವಾಗಿ ಕಂಡರೆ ಆರ್‌ಎನ್‌ಎ ಚೆನ್ನಾಗಿದೆ ಎನ್ನುತ್ತೇವೆ. ಆದರೆ ರೇಷ್ಮೆ ಹುಳುವೂ ಸೇರಿದಂತೆ ಅನೇಕ ಕೀಟಗಳ 28ಎಸ್ ಆರ್‌ಎನ್‌ಎ ಮಧ್ಯದಲ್ಲಿ ಸಹಜವಾಗಿಯೇ ಒಂದು ಕಡಿತವಿರುತ್ತದೆ. ಎರಡು ಅರ್ಧಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿಟ್ಟಿರುತ್ತವೆ. ಅಣುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ಗೆ ಹಾಕುವ ಮುನ್ನ 70 ಡಿಗ್ರಿಗೆ ಬಿಸಿ ಮಾಡಿದರೆ ಅರ್ಧಗಳು ಬೇರಾಗಿ, ಎರಡೂ 18ಎಸ್ ಇರುವ ಜಾಗಕ್ಕೇ ಬಂದು ಕೂರುತ್ತವೆ, ಹೀಗಾಗಿ ಒಂದೇ ದಪ್ಪ ಬ್ಯಾಂಡು ಕಾಣುತ್ತದೆ. ಬಯೋಅನಲೈಸರ್ ಯಂತ್ರ ಆರ್‌ಎನ್‌ಎಯ ಗುಣಮಟ್ಟಕ್ಕೆ ಕೊಡುವ ಆರ್‌ಐಎನ್ ಅಂಕವೂ ಇದೇ ಕಾರಣಕ್ಕೆ ಕೀಟಗಳಲ್ಲಿ ದಾರಿ ತಪ್ಪಿಸುತ್ತದೆ. ಒಂದೇ ಮಾದರಿಯನ್ನು ಬಿಸಿ ಮಾಡಿಯೂ ಮಾಡದೆಯೂ ಅಕ್ಕಪಕ್ಕ ಓಡಿಸಿ ನೋಡಿ: ಬಿಸಿ ಮಾಡದ ಸಾಲಿನಲ್ಲಿ 28ಎಸ್ ಇದ್ದು, ಬಿಸಿ ಮಾಡಿದ ಸಾಲಿನಲ್ಲಿ 18ಎಸ್ ಚೂಪಾಗಿದ್ದು, ಅದರ ಕೆಳಗೆ ಮಸುಕಾದ ಎಳೆತವಿಲ್ಲದಿದ್ದರೆ ಆರ್‌ಎನ್‌ಎ ಬಳಸಬಹುದು.

ಹಿಪ್ಪುನೇರಳೆ, ಮಾವಿನ ಎಲೆಗೆ ಟ್ರೈಜಾಲ್ ಹಾಕಿದ್ರೆ ಕಂದು ಲೋಳೆ ಬರುತ್ತೆ, ಏನು ಮಾಡೋದು?

ಟ್ರೈಜಾಲ್ ಆರ್‌ಎನ್‌ಎ ತೆಗೆಯುವ ದ್ರಾವಣ. ಅದರಲ್ಲಿ ಕಾಣುವ ಆ ಕಂದು ಬಣ್ಣ ಪಾಲಿಫಿನಾಲ್‌ಗಳದ್ದು, ಲೋಳೆ ಪಾಲಿಸ್ಯಾಕರೈಡ್‌ಗಳದ್ದು. ಎರಡೂ ಮುಂದಿನ ಕಿಣ್ವಗಳನ್ನು ತಡೆಯುತ್ತವೆ. ಪಿವಿಪಿ ಮತ್ತು ಬೀಟಾ ಮರ್ಕ್ಯಾಪ್ಟೋಎಥನಾಲ್ ಸೇರಿಸಿದ ಸಿಟಿಎಬಿ ಬಫರಿನಿಂದ ತೆಗೆಯಿರಿ. ಆಮೇಲೆ ಲಿಥಿಯಂ ಕ್ಲೋರೈಡ್‌ನಿಂದ ಆರ್‌ಎನ್‌ಎಯನ್ನು ಕೂರಿಸುವ (ತಳಕ್ಕೆ ಇಳಿಸುವ) ವಾಡಿಕೆಯಿದೆ, ಆದರೆ ಆರ್‌ಎನ್‌ಎ ತೀರಾ ತೆಳುವಾಗಿದ್ದಾಗ ಲಿಥಿಯಂ ಕ್ಲೋರೈಡ್ ಅದನ್ನು ಸರಿಯಾಗಿ ಕೂರಿಸುವುದಿಲ್ಲ. ಒಂದೇ ಮೊಗ್ಗಿನಂಥ ಸಣ್ಣ ಮಾದರಿಗೆ ಸಿಟಿಎಬಿಯ ನಂತರ ಸಿಲಿಕಾ ಕಾಲಂ ಲೇಸು. ಆಲ್ಕೋಹಾಲಿನಲ್ಲೇ ಕೂರಿಸುವುದಾದರೆ ಒಂದಿಷ್ಟು ಗ್ಲೈಕೋಜನ್ ಸೇರಿಸಿ, ಗುಳಿಗೆ ಕಣ್ಣಿಗೂ ಕಾಣುತ್ತದೆ. ಇಷ್ಟು ಕಡಿಮೆ ಆರ್‌ಎನ್‌ಎ ಅಳೆಯಲು ನ್ಯಾನೋಡ್ರಾಪ್ ನಂಬಬೇಡಿ, ಕ್ಯೂಬಿಟ್‌ನಂಥ ಬಣ್ಣದ ವಿಧಾನ ಬಳಸಿ.

ಆಸ್ಪತ್ರೆಯಲ್ಲಿ ಮೇಣದ ಬ್ಲಾಕ್ ಇದೆ, ಅದರಿಂದ ಆಗುತ್ತಾ?

ಪೂರ್ಣ ಉದ್ದದ ಲೈಬ್ರರಿ ಆಗುವುದಿಲ್ಲ. ಫಾರ್ಮಲಿನ್‌ನಲ್ಲಿ ಕಟ್ಟಿದ ಅಂಗಾಂಶದ ಆರ್‌ಎನ್‌ಎ ಬಹುಪಾಲು ಕೆಲವು ನೂರು ಬೇಸ್‌ಗಳಿಗಿಂತ ಚಿಕ್ಕ ತುಂಡುಗಳಾಗಿರುತ್ತದೆ. ಸೂಜಿ ಬಯಾಪ್ಸಿಯ ಹಸಿ ತುಂಡು ಬೇಕು, ಅದಕ್ಕೆ ರೋಗಿಯ ಲಿಖಿತ ಒಪ್ಪಿಗೆ ಮತ್ತು ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲೇ ಇರಬೇಕು.

## ಪ್ರತಿಕ್ರಿಯೆ ಮತ್ತು ಪಿಸಿಆರ್

ಟೆಂಪ್ಲೇಟ್ ಸ್ವಿಚಿಂಗ್ ಅಂದ್ರೆ ಕಿಣ್ವ ದಾರಿ ಬದಲಿಸುತ್ತೆ ಅಂತಾರೆ, ಅದು ಹೇಗೆ?

ಮೊಲೋನಿ ಇಲಿ ವೈರಸ್ಸಿನ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವಕ್ಕೆ ಒಂದು ಅಭ್ಯಾಸವಿದೆ: ಕ್ಯಾಪ್ ಇರುವ ತುದಿ ತಲುಪಿದ ಮೇಲೆ, ನಕಲಿಸಲು ಎದುರಿಗೆ ಏನೂ ಇಲ್ಲದಿದ್ದರೂ ಹೊಸ ಎಳೆಯ ಕೊನೆಗೆ ಎರಡು ಮೂರು ಬೇಸ್‌ಗಳನ್ನು, ಹೆಚ್ಚಾಗಿ ಸೈಟೋಸಿನ್‌ಗಳನ್ನು ಅಂಟಿಸುತ್ತದೆ. ಕೊನೆಯಲ್ಲಿ ಮೂರು ಗ್ವಾನಿನ್ ಇರುವ ಒಂದು ಚಿಕ್ಕ ಆಲಿಗೋವನ್ನು (ಕೆಲವೇ ಬೇಸ್‌ಗಳ ಗಿಡ್ಡ ಎಳೆಯನ್ನು; ಇದೇ ಸ್ವಿಚಿಂಗ್ ಆಲಿಗೋ) ಮೊದಲೇ ಟ್ಯೂಬಿಗೆ ಹಾಕಿಟ್ಟರೆ, ಅದು ಬಂದು ಈ ಸೈಟೋಸಿನ್‌ಗಳ ಜೊತೆ ಜೋಡಿಯಾಗುತ್ತದೆ. ಕಿಣ್ವ ಆರ್‌ಎನ್‌ಎಯನ್ನು ಬಿಟ್ಟು ಆಲಿಗೋವನ್ನೇ ಟೆಂಪ್ಲೇಟ್ ಮಾಡಿಕೊಂಡು ನಕಲು ಮುಂದುವರಿಸುತ್ತದೆ. ಹೀಗೆ ಕ್ಯಾಪ್‌ವರೆಗೆ ಬಂದ ಎಳೆಗಳ ಎರಡೂ ತುದಿಯಲ್ಲಿ ಗೊತ್ತಿರುವ ಅನುಕ್ರಮ ಸೇರಿ, ಮುಂದಿನ ಪಿಸಿಆರ್‌ನಲ್ಲಿ ಅವೇ ಹೆಚ್ಚುತ್ತವೆ, ಅರ್ಧದಾರಿಯಲ್ಲಿ ನಿಂತ ಎಳೆಗಳು ಹಿಂದುಳಿಯುತ್ತವೆ. ಸ್ಮಾರ್ಟ್ ಎಂಬ ಹೆಸರಿನಲ್ಲಿ 1990ರ ದಶಕದ ಕೊನೆಗೆ ಬಂದ ಕಿಟ್‌ಗಳೂ, ಒಂಟಿ ಕೋಶಕ್ಕಾಗಿ 2012ರಲ್ಲಿ ಬಂದ ಸ್ಮಾರ್ಟ್ ಸೀಕ್ ಮತ್ತು 2013ರ ಸ್ಮಾರ್ಟ್ ಸೀಕ್ 2 ವಿಧಾನಗಳೂ ಇದೇ ಗುಣವನ್ನು ಬಳಸುತ್ತವೆ. ಆದರೆ ಇದು ನಿಷ್ಪಕ್ಷಪಾತ ಕಾವಲುಗಾರನಲ್ಲ: ತುಂಡಾದ ಆರ್‌ಎನ್‌ಎ ತುದಿಯಲ್ಲೂ ಕಿಣ್ವ ಆಗಾಗ ಸೈಟೋಸಿನ್ ಅಂಟಿಸಿ ದಾರಿ ಬದಲಿಸುವುದರಿಂದ, ಕೆಟ್ಟ ಆರ್‌ಎನ್‌ಎಯಿಂದಲೂ ನೋಡಲು ಚೆಂದದ ಸಿಡಿಎನ್‌ಎ ಬಂದುಬಿಡುತ್ತದೆ.

ಹಾಗಾದ್ರೆ ಕ್ಯಾಪನ್ನೇ ಹಿಡಿಯೋ ವಿಧಾನ ಮಾಡಬಾರದಾ?

ಆರ್‌ಎನ್‌ಎ ಧಾರಾಳವಾಗಿದ್ದರೆ ಮಾಡಬಹುದು. ಮರುಯಾಮ ಮತ್ತು ಸುಗಾನೊ 1994ರಲ್ಲಿ ವಿವರಿಸಿದ ಆಲಿಗೋ ಕ್ಯಾಪಿಂಗ್, ಜಪಾನಿನ ರೈಕೆನ್‌ನಲ್ಲಿ ಕಾರ್ನಿಂಚಿ ಮತ್ತು ಸಂಗಡಿಗರು 1996ರಲ್ಲಿ ತಂದ ಕ್ಯಾಪ್ ಟ್ರ್ಯಾಪರ್, ಇವೆರಡೂ 5 ಪ್ರೈಮ್ ತುದಿಯ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ಆದರೆ ಹಂತಗಳು ಹೆಚ್ಚು, ಪ್ರತಿ ಹಂತದಲ್ಲೂ ಅಣುಗಳು ಸೋರುತ್ತವೆ. ಮೂಲರೂಪದಲ್ಲಿ ಅವುಗಳಿಗೆ ಮೈಕ್ರೋಗ್ರಾಂಗಟ್ಟಲೆ ಆರ್‌ಎನ್‌ಎ ಬೇಕು. ನಮ್ಮಂಥ ಸಣ್ಣ ಮಾದರಿಗೆ ಒಗ್ಗುವುದಿಲ್ಲ. ಅದೇ ಬಳಗ 1998ರಲ್ಲಿ ತೋರಿಸಿದ ಒಂದು ಉಪಾಯ ಮಾತ್ರ ನಮಗೂ ದಕ್ಕುತ್ತದೆ: ಟ್ರೆಹಲೋಸ್ ಸಕ್ಕರೆ ಸೇರಿಸಿದರೆ ಕಿಣ್ವ 60 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ, ಆ ಬಿಸಿಯಲ್ಲಿ ಆರ್‌ಎನ್‌ಎಯ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ.

ಪಿಸಿಆರ್ ಎಷ್ಟು ಸೈಕಲ್ ಓಡಿಸಬೇಕು?

ಸಾಕಾಗುವಷ್ಟು, ಅದಕ್ಕಿಂತ ಒಂದೂ ಹೆಚ್ಚಿಲ್ಲದಷ್ಟು. ಒಂದು ಟ್ಯೂಬನ್ನು ಪರೀಕ್ಷೆಗೆಂದು ಮೀಸಲಿಟ್ಟು 15, 18, 21, 24ನೇ ಸೈಕಲ್‌ಗಳಲ್ಲಿ 5 ಮೈಕ್ರೋಲೀಟರಿನಷ್ಟು ತೆಗೆದು ಜೆಲ್‌ನಲ್ಲಿ ಅಕ್ಕಪಕ್ಕ ನೋಡಿ. ಸಿಡಿಎನ್‌ಎ ಎಳೆತ ಅರ್ಧ ಕಿಲೋಬೇಸ್‌ನಿಂದ (ಒಂದು ಕಿಲೋಬೇಸ್ ಎಂದರೆ ಸಾವಿರ ಬೇಸ್) ಆರು ಕಿಲೋಬೇಸ್‌ವರೆಗೆ ಹರಡಿ, ಗಾಢತೆ ಇನ್ನೂ ಏರುತ್ತಿರುವ ಹಂತವೇ ಸರಿ. ಏರಿಕೆ ನಿಂತ ಸೈಕಲ್‌ಗಿಂತ ಒಂದೆರಡು ಹಿಂದೆ ಉಳಿದ ಟ್ಯೂಬುಗಳನ್ನು ನಿಲ್ಲಿಸಿ. ಮೀರಿ ಓಡಿಸಿದರೆ ಎಳೆತ ಮೇಲಕ್ಕೆ ಮಾದರಿ ಹಾಕುವ ಬಾವಿಗಳ ಹತ್ತಿರ ಉಬ್ಬುತ್ತದೆ, ಏಕೆಂದರೆ ಪ್ರೈಮರ್ ಮುಗಿದ ಮೇಲೆ ಬೇರೆ ಬೇರೆ ಸಿಡಿಎನ್‌ಎ ಎಳೆಗಳು ಒಂದರ ಮೇಲೊಂದು ಬಿದ್ದು ತಪ್ಪು ಜೋಡಿಯಾಗಿರುತ್ತವೆ. ಜೊತೆಗೆ ಉದ್ದನೆಯ ಜೀನುಗಳು ಹಿಂದೆ ಬಿದ್ದು ಗಿಡ್ಡವು ಮುಂದೆ ನುಗ್ಗಿರುತ್ತವೆ. 18 ಸೈಕಲ್‌ಗಳು ಪೂರ್ತಿ ಫಲ ಕೊಟ್ಟರೆ ಒಂದು ಅಣು 2.6 ಲಕ್ಷವಾಗುತ್ತದೆ, 24 ಆದರೆ 1.6 ಕೋಟಿಗೂ ಹೆಚ್ಚು, ಅದರ ಜೊತೆಗೆ ತಪ್ಪುಗಳೂ. ತಪ್ಪು ಕಡಿಮೆ ಮಾಡುವ ಪಾಲಿಮರೇಸನ್ನೇ (ಪಿಸಿಆರ್‌ನ ನಕಲು ಕಿಣ್ವವನ್ನೇ) ಬಳಸಿ, ಬರೀ ಟ್ಯಾಕ್ ಬೇಡ.

ಆರ್‌ಎನ್‌ಎ ಹಾಕದ ಟ್ಯೂಬಲ್ಲೂ ಎಳೆತ ಬರ್ತಿದೆ!

ಇದು ಸ್ವಿಚಿಂಗ್ ಆಲಿಗೋ ತನ್ನ ಮೇಲೆ ತಾನೇ ಸರಪಳಿಯಾಗಿ ಸೇರಿಕೊಂಡದ್ದು, ಅಥವಾ ಹೊರಗಿನ ಡಿಎನ್‌ಎ ಬೆರೆತದ್ದು. ಸರಪಳಿಯಾದರೆ ಸಾಮಾನ್ಯವಾಗಿ ಸಮ ಅಂತರದ ಏಣಿ ಮೆಟ್ಟಿಲುಗಳು ಕಾಣುತ್ತವೆ. ಆಲಿಗೋ ಪ್ರಮಾಣ ಇಳಿಸಿ. ಆರ್‌ಎನ್‌ಎ ಇದ್ದು ಕಿಣ್ವ ಇಲ್ಲದ ಟ್ಯೂಬಿನಲ್ಲೂ ಬಂದರೆ ಜೀನೋಮಿಕ್ ಡಿಎನ್‌ಎ ಉಳಿದಿದೆ ಎಂದರ್ಥ, ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿ ಮತ್ತೆ ಶುರುಮಾಡಿ. ಈ ಎರಡು ನಿಯಂತ್ರಣ ಟ್ಯೂಬುಗಳಿಲ್ಲದ ಲೈಬ್ರರಿಯನ್ನು ನಾನು ನಂಬುವುದಿಲ್ಲ.

## ಕ್ಲೋನಿಂಗ್ ಮತ್ತು ಮುಂದಿನದು

ಎಲ್ಲಿ ಮುಟ್ಟಿದ್ರೂ ಫೈಬ್ರಾಯಿನ್ ಜೀನೇ ಬರ್ತಿದೆ. ಬೇರೆಯದು ಸಿಗೋದು ಹೇಗೆ?

ನಾಲ್ಕನೇ ಜ್ವರ ಎದ್ದ ಹುಳುವಿನ ಹಿಂಭಾಗದ ರೇಷ್ಮೆ ಗ್ರಂಥಿ ಇರುವುದೇ ರೇಷ್ಮೆ ಎಳೆಯ ಪ್ರೋಟೀನಾದ ಫೈಬ್ರಾಯಿನ್ ತಯಾರಿಸಲು, ಅಲ್ಲಿನ ಎಂಆರ್‌ಎನ್‌ಎಯಲ್ಲಿ ಅದರದ್ದೇ ಮೇಲುಗೈ. ಸಮಗೊಳಿಸಬೇಕು, ಅಂದರೆ ಹೇರಳವಾದುದನ್ನು ತಗ್ಗಿಸಬೇಕು. ಕ್ಯಾಮ್ಚಾಟ್ಕಾ ಏಡಿಯಿಂದ ತೆಗೆದ, ಜೋಡಿ ಎಳೆಯ ಡಿಎನ್‌ಎಯನ್ನು ಮಾತ್ರ ಕತ್ತರಿಸುವ ಡಿಎಸ್‌ಎನ್ ಎಂಬ ನ್ಯೂಕ್ಲಿಯೇಸ್ ಇದಕ್ಕೆ ಹೇಳಿ ಮಾಡಿಸಿದ್ದು. ಸಿಡಿಎನ್‌ಎಯನ್ನು ಕುದಿಸಿ ಎಳೆ ಬಿಡಿಸಿ, 68 ಡಿಗ್ರಿಯಲ್ಲಿ ಕೆಲವು ಗಂಟೆ ಬಿಟ್ಟರೆ ಹೇರಳವಾಗಿರುವ ಜೀನುಗಳ ಎಳೆಗಳಿಗೆ ಜೋಡಿ ಬೇಗ ಸಿಗುತ್ತದೆ, ವಿರಳವಾದವು ಒಂಟಿಯಾಗಿಯೇ ಉಳಿಯುತ್ತವೆ. ಆಗ ಡಿಎಸ್‌ಎನ್ ಹಾಕಿದರೆ ಜೋಡಿಯಾದವು ನಾಶವಾಗಿ ಒಂಟಿ ಎಳೆಗಳು ಮುಂದಿನ ಪಿಸಿಆರ್‌ಗೆ ಉಳಿಯುತ್ತವೆ. ಒಂದು ಎಚ್ಚರ: ಸಮಗೊಳಿಸಿದ ಲೈಬ್ರರಿಯಿಂದ ಯಾವ ಜೀನು ಎಷ್ಟು ಸಕ್ರಿಯವಾಗಿತ್ತೆಂದು ಲೆಕ್ಕ ಹಾಕುವಂತಿಲ್ಲ.

ಫೈಬ್ರಾಯಿನ್ ಭಾರಿ ಸರಪಳಿಯೇ ಪೂರ್ತಿ ಬೇಕು ಅಂದ್ರೆ?

ಈ ದಾರಿಯಲ್ಲಿ ಸಿಗುವುದಿಲ್ಲ. ಅದರ ಎಂಆರ್‌ಎನ್‌ಎ ಸುಮಾರು 16 ಸಾವಿರ ಬೇಸ್ ಉದ್ದ. ಪ್ರೋಟೀನಿನಲ್ಲಿ 5,263 ಅಮೈನೋ ಆಮ್ಲಗಳಿದ್ದು ಬಹುಪಾಲು ಗ್ಲೈಸಿನ್, ಅಲನಿನ್‌ಗಳ ಪುನರಾವರ್ತನೆ. ಅಷ್ಟುದ್ದ, ಅಷ್ಟು ಏಕತಾನದ ಅನುಕ್ರಮವನ್ನು ಪಿಸಿಆರ್ ತಾಳದು, ಬ್ಯಾಕ್ಟೀರಿಯಾವೂ ಪುನರಾವರ್ತನೆಗಳನ್ನು ಕತ್ತರಿಸಿ ಹಾಕುತ್ತದೆ. ಆ ಜೀನನ್ನು ಜೀನೋಮಿಕ್ ಡಿಎನ್‌ಎಯಿಂದಲೇ ಓದಬೇಕು. ಲಘು ಸರಪಳಿಯಾದರೆ ಒಂದು ಕಿಲೋಬೇಸ್ ಚಿಲ್ಲರೆ, ಸಲೀಸಾಗಿ ಪೂರ್ಣವಾಗಿ ಬರುತ್ತದೆ.

ಎಸ್‌ಎಫ್‌ಐ 1 ಕಿಣ್ವವನ್ನೇ ಯಾಕೆ ಹೇಳ್ತಾರೆ?

ಎರಡು ಕಾರಣ. ಇದು ಡಿಎನ್‌ಎಯನ್ನು ಗೊತ್ತಾದ ಗುರುತಿನಲ್ಲಿ ಕತ್ತರಿಸುವ ಕಿಣ್ವ; ಅದು ಗುರುತಿಸುವ ಎಂಟು ಬೇಸ್‌ಗಳ ಗುರುತು ಸರಾಸರಿ 65,536 ಬೇಸ್‌ಗಳಿಗೊಮ್ಮೆ ಮಾತ್ರ ಬರುವುದರಿಂದ ಸಿಡಿಎನ್‌ಎಯ ಒಳಗೆ ಕತ್ತರಿ ಬೀಳುವುದು ಅಪರೂಪ. ಗುರುತಿನ ನಡುವಿನ ಐದು ಬೇಸ್‌ಗಳು ನಮ್ಮ ಇಷ್ಟದವು, ಆದ್ದರಿಂದ ಎರಡು ತುದಿಗೆ ಎರಡು ಬಗೆಯ ಅಂಚು ಕೊಟ್ಟು ಸಿಡಿಎನ್‌ಎಯನ್ನು ವಾಹಕದೊಳಗೆ ಒಂದೇ ದಿಕ್ಕಿನಲ್ಲಿ ಕೂರಿಸಬಹುದು. ಕತ್ತರಿಸಿದ ಮೇಲೆ, ವಾಹಕಕ್ಕೆ ಸೇರಿಸುವ ಮುಂಚೆ, ಅರ್ಧ ಕಿಲೋಬೇಸ್‌ಗಿಂತ ಗಿಡ್ಡವಾದುದನ್ನು ಕಾಲಂನಿಂದಲೋ ಕಾಂತೀಯ ಮಣಿಗಳಿಂದಲೋ ತೆಗೆದುಹಾಕಲೇಬೇಕು. ಗಿಡ್ಡ ತುಂಡುಗಳು ವಾಹಕಕ್ಕೆ ಬೇಗ ಅಂಟುತ್ತವೆ, ಈ ಹಂತ ಬಿಟ್ಟವರ ಲೈಬ್ರರಿಯಲ್ಲಿ ಅವೇ ತುಂಬಿರುತ್ತವೆ.

ಎಷ್ಟು ಕ್ಲೋನ್ ಇದ್ರೆ ಲೈಬ್ರರಿ ಸಾಕು ಅನ್ನಬಹುದು?

ಕ್ಲಾರ್ಕ್ ಮತ್ತು ಕಾರ್ಬನ್ 1976ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಲಾವಣೆಯಲ್ಲಿದೆ. 37,000 ಎಂಆರ್‌ಎನ್‌ಎಗಳಲ್ಲಿ ಒಂದಾಗಿರುವ ವಿರಳ ಜೀನು ಒಮ್ಮೆಯಾದರೂ ಸಿಗುವ ಸಂಭವ ಶೇಕಡಾ 99 ಆಗಬೇಕಾದರೆ ಸುಮಾರು 1.7 ಲಕ್ಷ ಸ್ವತಂತ್ರ ಕ್ಲೋನ್‌ಗಳು ಬೇಕು. ವಾಡಿಕೆಯಲ್ಲಿ 10 ಲಕ್ಷ ಎನ್ನುತ್ತಾರೆ. ಸಣ್ಣ ಮಾದರಿಯಲ್ಲಿ ಈ ಸಂಖ್ಯೆಯನ್ನು ಮೋಸವಿಲ್ಲದೆ ಓದಬೇಕು: ವಿರಳ ಜೀನಿನ 25 ಅಣುಗಳಷ್ಟೇ ಪಿಸಿಆರ್‌ಗೆ ಹೋಗಿದ್ದರೆ, ಆಮೇಲೆ ಎಷ್ಟು ಲಕ್ಷ ಕ್ಲೋನ್ ಎಣಿಸಿದರೂ ಅವೆಲ್ಲ ಆ 25ರ ಮರಿಗಳೇ.

ನಿಜವಾಗ್ಲೂ ಪೂರ್ಣ ಉದ್ದ ಬಂದಿದೆ ಅಂತ ಪರೀಕ್ಷಕರಿಗೆ ಹೇಗೆ ತೋರಿಸೋದು?

ಇಪ್ಪತ್ತು ಮೂವತ್ತು ಕ್ಲೋನ್‌ಗಳನ್ನು ಕಣ್ಣುಮುಚ್ಚಿ ಆರಿಸಿ, ಸೇರಿದ ತುಂಡಿನ ಉದ್ದ ನೋಡಿ. ಸರಾಸರಿ ಒಂದು ಕಿಲೋಬೇಸ್‌ಗಿಂತ ಕಡಿಮೆಯಿದ್ದರೆ ಅನುಮಾನ ಪಡಿ. ಆಮೇಲೆ 5 ಪ್ರೈಮ್ ಕಡೆಯಿಂದ ಓದಿಸಿ, ಗೊತ್ತಿರುವ ರೇಷ್ಮೆ ಹುಳು ಜೀನೋಮಿನೊಂದಿಗೆ ಹೋಲಿಸಿ, ಎಷ್ಟು ಕ್ಲೋನ್‌ಗಳಲ್ಲಿ ಆರಂಭದ ಎಟಿಜಿ (ಪ್ರೋಟೀನು ತಯಾರಿಸುವ ಭಾಗ ಶುರುವಾಗುವ ಗುರುತು) ಇದೆ, ಅದರ ಹಿಂದೆ ಅನುವಾದವಾಗದ ಭಾಗವೂ ಇದೆ ಎಂದು ಎಣಿಸಿ. ಆಕ್ಟಿನ್‌ನಂಥ ಗಿಡ್ಡ, ಹೇರಳ ಜೀನಿನಿಂದ ಏನೂ ಸಾಬೀತಾಗುವುದಿಲ್ಲ. ನಾಲ್ಕೈದು ಕಿಲೋಬೇಸ್ ಉದ್ದದ ಒಂದೆರಡು ಜೀನುಗಳ 5 ಪ್ರೈಮ್ ಭಾಗವನ್ನೂ 3 ಪ್ರೈಮ್ ಭಾಗವನ್ನೂ ಪ್ರತ್ಯೇಕವಾಗಿ ಪ್ರಮಾಣಾತ್ಮಕ ಪಿಸಿಆರ್‌ನಲ್ಲಿ ಅಳೆದು ಅನುಪಾತ ಕೊಡಿ. 3 ಪ್ರೈಮ್ ತುದಿ ಎಂದು ಕಂಡದ್ದು ನಿಜವಾದ ಬಾಲವೇ, ಅಥವಾ ಆಲಿಗೋ ಡಿಟಿ ಜೀನಿನ ನಡುವಿನ ಅಡೆನಿನ್ ಸಾಲಿಗೆ ಅಂಟಿದ್ದೇ ಎಂಬುದನ್ನೂ ಜೀನೋಮಿನ ಆ ಜಾಗದಲ್ಲಿ ಅಡೆನಿನ್‌ಗಳು ಸಾಲಾಗಿ ಇವೆಯೇ ಎಂದು ನೋಡಿ ತೀರ್ಮಾನಿಸಿ.

ಲೈಬ್ರರಿ ಪದೇ ಪದೇ ಬೆಳೆಸಿ ಬೇರೆ ಲ್ಯಾಬಿಗೂ ಕೊಡಬಹುದಾ?

ಒಮ್ಮೆ ಮಾತ್ರ ಬೆಳೆಸಿ, ಅದೂ ದ್ರವದಲ್ಲಲ್ಲ, ಅಗಲವಾದ ಅಗರ್ ತಟ್ಟೆಗಳಲ್ಲಿ. ದ್ರವದಲ್ಲಿ ವೇಗವಾಗಿ ಬೆಳೆಯುವ ಕ್ಲೋನ್‌ಗಳು ಉಳಿದವನ್ನು ಮುಚ್ಚಿಹಾಕುತ್ತವೆ. ಗ್ಲಿಸರಾಲ್ ಸೇರಿಸಿ ಸಣ್ಣ ಸಣ್ಣ ಟ್ಯೂಬುಗಳಾಗಿ ಮೈನಸ್ 80 ಡಿಗ್ರಿಯಲ್ಲಿಡಿ, ಒಂದು ಟ್ಯೂಬನ್ನು ಒಮ್ಮೆಗಷ್ಟೇ ಕರಗಿಸಿ. ಕರೆಂಟು ಹೋಗುವ ಊರಿನಲ್ಲಿ ಒಂದೇ ಫ್ರೀಜರನ್ನು ನಂಬದೆ, ಅರ್ಧ ಟ್ಯೂಬುಗಳನ್ನು ಬೇರೊಂದು ಕಟ್ಟಡದಲ್ಲಿಡಿ.